ಶರ್ಕರಪಿಷ್ಟದ ಗುಣಮಟ್ಟ ಮತ್ತು ಗ್ಲೈಸಿಮಿಕ್ ಸೂಚ್ಯಂಕ: ಮೈಸೂರಿನ ಸಂಶೋಧನೆಯ ಇತಿಹಾಸ

ಅನ್ನ, ಮುದ್ದೆ, ಚಪಾತಿ, ಇಡ್ಲಿಗಳಲ್ಲಿರುವ ಶರ್ಕರಪಿಷ್ಟ ಎಷ್ಟು ಎಂಬುದಷ್ಟೇ ಅಲ್ಲ, ಎಂಥದ್ದು, ಜೀರ್ಣವಾಗಿ ಎಷ್ಟು ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ ಎಂಬುದನ್ನು ಅಳೆದು ಹೇಳುವ ಆಹಾರವಿಜ್ಞಾನದ ಶಾಖೆ ಇದು. ಇದರ ಮುಖ್ಯ ಅಳತೆಗೋಲಾದ ಗ್ಲೈಸಿಮಿಕ್ ಸೂಚ್ಯಂಕ 1981ರಲ್ಲಿ ಕೆನಡಾದಲ್ಲಿ ರೂಪುಗೊಂಡಿತು. ಆದರೆ ಧಾನ್ಯದೊಳಗಿನ ಪಿಷ್ಟ ನೆನೆದಾಗ, ಬೆಂದಾಗ, ಆರಿದಾಗ, ಅರಳಿದಾಗ ಹೇಗೆ ಬದಲಾಗುತ್ತದೆ ಎಂಬ ತಿಳಿವಳಿಕೆಗೆ ಮೈಸೂರಿನ ಪ್ರಯೋಗಾಲಯಗಳು ಅದಕ್ಕೂ ಮೂರು ದಶಕ ಮೊದಲಿನಿಂದ ದುಡಿಯುತ್ತ ಬಂದಿವೆ. ಯಾವ ಧಾನ್ಯ ತಿನ್ನುತ್ತೇವೆ ಎಂಬುದರಷ್ಟೇ ಅದನ್ನು ಏನು ಮಾಡಿ ತಿನ್ನುತ್ತೇವೆ ಎಂಬುದೂ ಮುಖ್ಯ ಎಂದು ತೋರಿಸಿಕೊಟ್ಟದ್ದು ಈ ಊರಿನ ದೊಡ್ಡ ಕೊಡುಗೆ.

ಹಸಿವಿನ ಕಾಲ

ನಗರದ ವಾಯವ್ಯಕ್ಕಿರುವ ಹೆಬ್ಬಾಳದಿಂದ ಮೇಟಗಳ್ಳಿ ದಾಟಿ ಕೆ.ಆರ್.ಎಸ್. ರಸ್ತೆಯಲ್ಲಿ ಊರೊಳಗೆ ಬರುವಾಗ ಚೆಲುವಾಂಬ ಮ್ಯಾನ್ಷನ್ ಎದುರಾಗುತ್ತದೆ. ರಾಜಕುಮಾರಿಗೆಂದು ಕಟ್ಟಿದ ಈ ಅರಮನೆಯನ್ನು ಮೈಸೂರು ಮಹಾರಾಜರು ಬಿಟ್ಟುಕೊಟ್ಟಿದ್ದರಿಂದ 1950ರ ಅಕ್ಟೋಬರ್ 21ರಂದು ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಜನರ ಬಾಯಲ್ಲಿ ಅದು ಸಿ.ಎಫ್.ಟಿ.ಆರ್.ಐ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಮುಂದೆ ಆಗ ಇದ್ದ ಸಮಸ್ಯೆ ಸಕ್ಕರೆ ಕಾಯಿಲೆಯಲ್ಲ, ಧಾನ್ಯದ ಕೊರತೆ. ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಂಡಿಯ ಹಿಟ್ಟು ಬೆರೆಸಿದ ‘ಮೈಸೂರು ಹಿಟ್ಟು’ ಆ ಕಾಲದ ಕೂಸು. ಬಡವರ ರಾಗಿ ಊಟದಲ್ಲಿ ಸಾರಜನಕ, ಸುಣ್ಣ, ರಂಜಕಗಳು ಮೈಗೆ ಎಷ್ಟು ಹತ್ತುತ್ತವೆ ಎಂದು ಸುಬ್ರಹ್ಮಣ್ಯನ್ ಮತ್ತು ಎಂ. ಸ್ವಾಮಿನಾಥನ್ ಅವರ ತಂಡ ಮನುಷ್ಯರ ಮೇಲೇ ಅಧ್ಯಯನ ಮಾಡಿ 1955ರಲ್ಲಿ ಪ್ರಕಟಿಸಿತು. 1957ರಲ್ಲಿ, ಮೈಸೂರಿನ ಹೊರಗೆ, ಎಂ.ಕೆ. ರಾಮನಾಥನ್ ಮತ್ತು ಸಿ. ಗೋಪಾಲನ್ ಬೇರೆ ಬೇರೆ ಧಾನ್ಯ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆಂದು ಹೋಲಿಸಿ ನೋಡಿದರು. ಗ್ಲೈಸಿಮಿಕ್ ಸೂಚ್ಯಂಕವೆಂಬ ಹೆಸರು ಹುಟ್ಟುವುದಕ್ಕೆ ಇನ್ನೂ 24 ವರ್ಷ ಇತ್ತು.

ಕುಸುಬಲಕ್ಕಿಯ ಪಾಠ

ಸಂಸ್ಥೆಯ ಅಕ್ಕಿ ಸಂಶೋಧನೆ ನಿಧಾನವಾಗಿ ಹೇಳಬೇಕಾದ ಅಧ್ಯಾಯ. ಕರಾವಳಿಯವರ ಕುಸುಬಲಕ್ಕಿಗೆ ಭತ್ತವನ್ನು ಎರಡು ಮೂರು ದಿನ ತಣ್ಣೀರಲ್ಲಿ ನೆನೆಹಾಕಿ, ಆಮೇಲೆ ಬೇಯಿಸಿ ಒಣಗಿಸುವುದು ಹಳೆಯ ರೂಢಿ. ಅಷ್ಟು ದಿನ ನೆನೆದ ಭತ್ತ ಹುದುಗು ಬಂದು ವಾಸನೆ ಹಿಡಿಯುತ್ತಿತ್ತು. ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿದರೆ ಮೂರು ನಾಲ್ಕು ಗಂಟೆಯಲ್ಲೇ ಕೆಲಸ ಮುಗಿಯುತ್ತದೆ, ವಾಸನೆಯೂ ಇರುವುದಿಲ್ಲ ಎಂದು ಮೈಸೂರಿನ ವಿಜ್ಞಾನಿಗಳು ತೋರಿಸಿದರು. ಗಿರಣಿಗಳು ಈ ವಿಧಾನವನ್ನು ಬಲುಬೇಗ ಒಪ್ಪಿಕೊಂಡವು.

ಆಗ ಗಮನವಿದ್ದದ್ದು ನುಚ್ಚು ಕಡಿಮೆಯಾಗುವುದರ ಕಡೆಗೆ, ಬಿ ಜೀವಸತ್ವ ಉಳಿಯುವುದರ ಕಡೆಗೆ. ಕಾಳಿನೊಳಗೆ ನಡೆಯುತ್ತಿದ್ದುದು ಅದಕ್ಕಿಂತ ಆಳದ ಬದಲಾವಣೆ. ಬಿಸಿ ಮತ್ತು ನೀರು ಸೇರಿದಾಗ ಪಿಷ್ಟದ ಕಣಗಳು ಉಬ್ಬಿ ಒಂದಕ್ಕೊಂದು ಕರಗಿ ಕೂಡುತ್ತವೆ. ಒಣಗಿ ಆರಿದಾಗ ಅದರ ಎಳೆಗಳು ಮತ್ತೆ ಬಿಗಿಯಾಗಿ ಜೋಡಣೆಗೊಳ್ಳುತ್ತವೆ. ಹಾಗೆ ಬಿಗಿದ ಪಿಷ್ಟವನ್ನು ನಮ್ಮ ಕರುಳಿನ ಕಿಣ್ವಗಳು ಅಷ್ಟು ಸುಲಭವಾಗಿ ಕತ್ತರಿಸಲಾರವು. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ: ಕವಲಿಲ್ಲದ ಉದ್ದ ಎಳೆಯ ಅಮೈಲೋಸ್ ಮತ್ತು ಕವಲೊಡೆದ ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರಾಗಿ, ಆರಿದ ಮೇಲೆ ಗಟ್ಟಿಯಾಗಿ ಇರುತ್ತದೆ. ಅದು ಕಡಿಮೆಯಿದ್ದರೆ ಅನ್ನ ಮೆದುವಾಗಿ ಅಂಟುತ್ತದೆ. ಕ್ಷೀರೋದ್ ಆರ್. ಭಟ್ಟಾಚಾರ್ಯ, ಎಸ್. ಜಕಿಯುದ್ದೀನ್ ಅಲಿ, ಸಿ.ಎಂ. ಸೌಭಾಗ್ಯ ಮುಂತಾದವರು ಈ ಗುಣಗಳನ್ನು ಅಳೆಯುವ ವಿಧಾನಗಳನ್ನು ಒಂದೊಂದಾಗಿ ಕಟ್ಟಿದರು. ಭಟ್ಟಾಚಾರ್ಯರ ಜೀವಮಾನದ ಕೆಲಸ 2011ರಲ್ಲಿ ಅಕ್ಕಿಯ ಗುಣಮಟ್ಟದ ಕುರಿತ ಗ್ರಂಥವಾಗಿ ಹೊರಬಂತು. ಅವರು ಸಕ್ಕರೆ ಕಾಯಿಲೆಗೆಂದು ಅಕ್ಕಿಯನ್ನು ಅಭ್ಯಾಸ ಮಾಡಿದವರಲ್ಲ. ಆದರೂ ಸೋನಾ ಮಸೂರಿ ಅನ್ನಕ್ಕೂ ಕುಸುಬಲಕ್ಕಿ ಅನ್ನಕ್ಕೂ ರಕ್ತದ ಸಕ್ಕರೆ ಏರುವ ರೀತಿ ಬೇರೆಯಾಗುವುದೇಕೆ ಎಂದು ಇಂದು ಕೇಳಿದರೆ ಉತ್ತರದ ಬಹುಪಾಲು ಅವರ ಕೆಲಸದಲ್ಲೇ ಸಿಗುತ್ತದೆ.

ಟೊರಾಂಟೊದಿಂದ ಬಂದ ಅಳತೆಗೋಲು

ಸಕ್ಕರೆ ತಿಂದರೆ ರಕ್ತದ ಸಕ್ಕರೆ ಬೇಗ ಏರುತ್ತದೆ, ಪಿಷ್ಟ ತಿಂದರೆ ನಿಧಾನ ಎಂಬ ನಂಬಿಕೆ 1970ರ ದಶಕದವರೆಗೂ ಗಟ್ಟಿಯಾಗಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್, ಥಾಮಸ್ ವೋಲೆವರ್ ಮತ್ತು ಸಂಗಡಿಗರು 1981ರಲ್ಲಿ 62 ಆಹಾರಗಳನ್ನು ಪರೀಕ್ಷಿಸಿ ಆ ನಂಬಿಕೆಯನ್ನು ಕೆಡವಿದರು.

ಪರೀಕ್ಷೆಯ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು ಬಂದ ವ್ಯಕ್ತಿಗೆ 50 ಗ್ರಾಂ ಜೀರ್ಣವಾಗುವ ಶರ್ಕರಪಿಷ್ಟ ಇರುವಷ್ಟು ಆಹಾರ ಕೊಡುತ್ತಾರೆ. ತಿನ್ನುವ ಮೊದಲು, ಆಮೇಲೆ 15, 30, 45, 60, 90, 120ನೇ ನಿಮಿಷಕ್ಕೆ ಬೆರಳ ತುದಿ ಚುಚ್ಚಿ ರಕ್ತ ತೆಗೆಯುತ್ತಾರೆ. ಸಕ್ಕರೆ ಏರಿ ಇಳಿದ ಗೆರೆಯ ಕೆಳಗಿನ ವಿಸ್ತೀರ್ಣವನ್ನು ಅದೇ ವ್ಯಕ್ತಿ ಬೇರೆ ದಿನ ಅಷ್ಟೇ ಗ್ಲೂಕೋಸ್ ಕುಡಿದಾಗಿನ ವಿಸ್ತೀರ್ಣಕ್ಕೆ ಹೋಲಿಸುತ್ತಾರೆ. ಗ್ಲೂಕೋಸ್‌ಗೆ 100. ಆಹಾರಕ್ಕೆ 55 ಅಥವಾ ಕಡಿಮೆ ಬಂದರೆ ಕೆಳಮಟ್ಟ, 56ರಿಂದ 69 ಮಧ್ಯಮ, 70 ಮತ್ತು ಮೇಲೆ ಬಂದರೆ ಹೆಚ್ಚು. ಹಲವರ ಫಲಿತಾಂಶದ ಸರಾಸರಿಯೇ ಆ ಆಹಾರದ ಸೂಚ್ಯಂಕ. ಈ ಕ್ರಮಕ್ಕೆ 2010ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂತು.

ಸೂಚ್ಯಂಕಕ್ಕೆ ಒಂದು ಮಿತಿಯಿದೆ. ಅದು ತಟ್ಟೆಯಲ್ಲಿ ಎಷ್ಟು ಬಡಿಸಿಕೊಂಡಿರಿ ಎಂದು ಕೇಳುವುದಿಲ್ಲ. ಅದಕ್ಕಾಗಿ 1997ರಲ್ಲಿ ಹಾರ್ವರ್ಡ್‌ನ ವಾಲ್ಟರ್ ವಿಲೆಟ್ ಅವರ ತಂಡ ಗ್ಲೈಸಿಮಿಕ್ ಲೋಡ್ ಎಂಬ ಇನ್ನೊಂದು ಲೆಕ್ಕ ತಂದಿತು: ಸೂಚ್ಯಂಕವನ್ನು ಬಡಿಸಿದ ಶರ್ಕರಪಿಷ್ಟದ ಗ್ರಾಂಗಳಿಂದ ಗುಣಿಸಿ ನೂರರಿಂದ ಭಾಗಿಸುವುದು. ಒಂದು ಮುದ್ದೆ ಉಣ್ಣುವವನಿಗೂ ಮೂರು ಮುದ್ದೆ ಉಣ್ಣುವವನಿಗೂ ಸೂಚ್ಯಂಕ ಒಂದೇ, ಲೋಡ್ ಮೂರು ಪಟ್ಟು. 2013ರಲ್ಲಿ ಇಟಲಿಯ ಸ್ಟ್ರೆಸಾದಲ್ಲಿ ಸೇರಿದ ತಜ್ಞರು ಶರ್ಕರಪಿಷ್ಟ ಗುಣಮಟ್ಟದ ಅಂತರರಾಷ್ಟ್ರೀಯ ಒಕ್ಕೂಟ ರಚಿಸಿ, ಸೂಚ್ಯಂಕವನ್ನು ನಾರಿನಂಶ ಮತ್ತು ಇಡೀ ಧಾನ್ಯದ ಜೊತೆಗಿಟ್ಟು ನೋಡಬೇಕೆಂಬ ಒಮ್ಮತಕ್ಕೆ ಬಂದರು. 2021ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನ ಭಾರತವೂ ಸೇರಿ 20 ದೇಶಗಳ 1,37,851 ಜನರನ್ನು ಗಮನಿಸಿ, ಹೆಚ್ಚು ಸೂಚ್ಯಂಕದ ಊಟಕ್ಕೂ ಹೃದ್ರೋಗ ಮತ್ತು ಸಾವಿನ ಅಪಾಯಕ್ಕೂ ನಂಟಿದೆ ಎಂದು ತೋರಿಸಿತು.

ರಾಗಿ: ನಂಬಿಕೆ ಮತ್ತು ಅಳತೆ

ಹಳೇ ಮೈಸೂರಿನವರಿಗೆ ರಾಗಿಯ ಮೇಲಿರುವ ನಂಬಿಕೆ ದೊಡ್ಡದು. ಅದಕ್ಕೆ ಆಧಾರವೂ ಇದೆ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, 364 ಮಿಲಿಗ್ರಾಂ ಸುಣ್ಣ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಸಂಶೋಧನಾಲಯದ ಎನ್.ಜಿ. ಮಲ್ಲೇಶಿ ಈ ಧಾನ್ಯಕ್ಕೆ ದಶಕಗಳನ್ನೇ ಮೀಸಲಿಟ್ಟರು. ಮೊಳಕೆ ಕಟ್ಟಿಸಿದ ರಾಗಿಯ ಮಾಲ್ಟ್, ಶಿಶು ಆಹಾರ, ರಾಗಿಯ ಪಾಲಿಶ್, ಎಲ್ಲದರಲ್ಲೂ ಅವರ ಕೈ ಇದೆ.

ರಾಗಿಯನ್ನು ಅಕ್ಕಿಯಂತೆ ಇಡಿಯಾಗಿ ಬೇಯಿಸುವ ರೂಢಿ ನಮ್ಮಲ್ಲಿಲ್ಲ, ಅದಕ್ಕೆ ಕಾರಣ ಕಾಳಿನ ರಚನೆ. ಹೊರಸಿಪ್ಪೆ ಗಟ್ಟಿ, ಒಳಗಿನ ತಿರುಳು ಮೆದು, ಎರಡೂ ಬಿಗಿಯಾಗಿ ಅಂಟಿಕೊಂಡಿವೆ. ಸಿಪ್ಪೆ ಉಜ್ಜಲು ಹೋದರೆ ತಿರುಳೇ ಪುಡಿಯಾಗುತ್ತದೆ. ಮಲ್ಲೇಶಿಯವರ ತಂಡ ಕಾಳನ್ನು ನೆನೆಸಿ, ಹಬೆಯಲ್ಲಿಟ್ಟು, ಒಣಗಿಸಿ ತಿರುಳನ್ನು ಗಟ್ಟಿಮಾಡಿತು. ಆಗ ಅದು ಗಿರಣಿಯ ಉಜ್ಜುವಿಕೆಯನ್ನು ತಡೆದುಕೊಂಡಿತು. ಕುಸುಬಲಕ್ಕಿಯ ಪಾಠವೇ ಇಲ್ಲಿ ಇನ್ನೊಂದು ಧಾನ್ಯಕ್ಕೆ ಕೆಲಸಕ್ಕೆ ಬಂತು.

ಸಿಪ್ಪೆ ತೆಗೆದದ್ದು ಸರಿಯೇ ಎಂಬ ಪ್ರಶ್ನೆಯನ್ನೂ ಅದೇ ತಂಡ ಎತ್ತಿತು. ಎಸ್. ಶೋಭನಾ, ವೈ.ಎನ್. ಶ್ರೀರಾಮ ಮತ್ತು ಮಲ್ಲೇಶಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾಗಿಯ ಸಿಪ್ಪೆಯಲ್ಲಿರುವ ಪಾಲಿಫೀನಾಲ್‌ಗಳು ಪಿಷ್ಟ ಕತ್ತರಿಸುವ ಕಿಣ್ವಗಳ ವೇಗವನ್ನೇ ತಗ್ಗಿಸುತ್ತವೆ. ಎಂದರೆ ರಾಗಿ ಬೆಳ್ಳಗಾದಷ್ಟೂ ಅದರ ಸತ್ವ ತೌಡಿನ ಪಾಲಾಗುತ್ತದೆ.

ಶೋಭನಾ, ಮಲ್ಲೇಶಿ, ಜಕಿಯುದ್ದೀನ್ ಅಲಿ ಮತ್ತಿತರರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನು ರಾಗಿಪ್ರಿಯರು ತಿಳಿದಿರಲೇಬೇಕು. ಮಧುಮೇಹಿಗಳಿಗೆಂದು ಅಕ್ಕಿ, ಗೋಧಿ, ರಾಗಿಗಳಿಂದ ಮಾಡಿದ ಸಿದ್ಧ ಮಿಶ್ರಣಗಳನ್ನು ಸಕ್ಕರೆ ಕಾಯಿಲೆ ಇಲ್ಲದವರಿಗೆ ಕೊಟ್ಟು ನೋಡಿದಾಗ, ಗೋಧಿಯ ಮಿಶ್ರಣದ ಸೂಚ್ಯಂಕ 55ರ ಆಸುಪಾಸು ನಿಂತಿತು. ಪಾಲಿಶ್ ರಾಗಿಯ ಮಿಶ್ರಣ 93ರ ಸುತ್ತ ಬಂತು. ಅರಳಿಸಿದ ರಾಗಿಯದು, ಅರಳಿಸಿದ ಅಕ್ಕಿಯದು, ಎರಡೂ ನೂರು ದಾಟಿದವು. ರಾಗಿ ಎಂಬ ಹೆಸರು ರಕ್ಷಣೆಗೆ ಬರಲಿಲ್ಲ. ಹೆಚ್ಚು ಕಾವಿಗೆ ಸಿಡಿದು ಅರಳಿದ ಕಾಳಿನ ಪಿಷ್ಟ ಸಡಿಲಾಗಿ, ಬಾಯಿಗೆ ಹಾಕಿದೊಡನೆ ಕರಗುವ ಸ್ಥಿತಿಗೆ ಬಂದಿರುತ್ತದೆ. ನಮ್ಮ ಹುರಿಹಿಟ್ಟನ್ನು ಮಕ್ಕಳಿಗೂ ಬಾಣಂತಿಯರಿಗೂ ಕೊಟ್ಟ ಹಿರಿಯರು ಬೇಗ ಶಕ್ತಿ ಬರಲೆಂದೇ ಕೊಟ್ಟರು. ಅದೇ ಗುಣ ಸಕ್ಕರೆ ಕಾಯಿಲೆಯವರಿಗೆ ತೊಡಕು. ತಮ್ಮದೇ ಮಿಶ್ರಣಕ್ಕೆ ಪ್ರತಿಕೂಲವಾದ ಅಂಕಿಯನ್ನು ಮುಚ್ಚಿಡದೆ ಪ್ರಕಟಿಸಿದ್ದು ಈ ತಂಡದ ಪ್ರಾಮಾಣಿಕತೆಗೆ ಸಾಕ್ಷಿ. ಶೋಭನಾ ಮುಂದೆ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನಲ್ಲಿ ಇದೇ ಜಾಡಿನ ಕೆಲಸ ಮುಂದುವರಿಸಿದರು.

ಜೀರ್ಣವಾಗದ ಪಿಷ್ಟ, ಬಾಳೆಯ ಹೂವು

ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳು ಸೇರುವ ಪಿಷ್ಟವನ್ನು ಬ್ರಿಟನ್ನಿನ ಹ್ಯಾನ್ಸ್ ಇಂಗ್ಲಿಸ್ಟ್ 1980ರ ದಶಕದಲ್ಲಿ ಗುರುತಿಸಿದ್ದರು. ಮೈಸೂರಿನಲ್ಲಿ ಆರ್.ಎನ್. ತಾರಾನಾಥನ್ ಮತ್ತು ಅವರ ವಿದ್ಯಾರ್ಥಿಗಳು ಸಂಸ್ಕರಿಸಿದ ಧಾನ್ಯ, ಬೇಳೆಕಾಳುಗಳಲ್ಲಿ ಅದು ಹೇಗೆ ಉಂಟಾಗುತ್ತದೆ ಎಂದು ಅಭ್ಯಾಸ ಮಾಡಿದರು. ಪಿ.ವಿ. ಸಾಲಿಮಠ ಅವರ ಗುಂಪು ಏಲಕ್ಕಿ ಬಾಳೆಯ ಹೂವು ಮತ್ತು ದಿಂಡನ್ನು ಮಧುಮೇಹ ಬರಿಸಿದ ಇಲಿಗಳಿಗೆ ತಿನ್ನಿಸಿ, ರಕ್ತದ ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಂಡಿತು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ಆಗುತ್ತದೆ ಎನ್ನಲಾಗದು. ಆದರೂ ನಮ್ಮ ಅಡುಗೆಮನೆಯ ಬಾಳೆದಿಂಡಿನ ಪಲ್ಯವನ್ನು ವಿಜ್ಞಾನ ಗಂಭೀರವಾಗಿ ಎತ್ತಿಕೊಂಡದ್ದು ಸಣ್ಣ ಮಾತಲ್ಲ. ತರಕಾರಿ, ಸಂಬಾರ ಪದಾರ್ಥಗಳ ಕುರಿತು ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಬರೆದ ಸಮೀಕ್ಷೆಗಳು ಈ ಕ್ಷೇತ್ರದವರಿಗೆ ಕೈಪಿಡಿಯಂತಿವೆ. ಮೆಂತ್ಯದ ಬಗೆಗಿನ ಮೊದಲ ಗಟ್ಟಿ ಪ್ರಯೋಗಗಳು ಮಾತ್ರ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವು.

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಆಹಾರ ಮತ್ತು ಪೋಷಣಾ ವಿಭಾಗದ ಆಸ್ನಾ ಉರೂಜ್ ಮತ್ತು ಶಶಿಕಲಾ ಪುಟ್ಟರಾಜ್ 2000ರಲ್ಲಿ ಭಾರತೀಯ ಧಾನ್ಯ ತಿನಿಸುಗಳನ್ನು ಮಧುಮೇಹಿಗಳಿಗೂ ಆರೋಗ್ಯವಂತರಿಗೂ ಕೊಟ್ಟು ಅಳೆದ ಫಲಿತಾಂಶವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅಂತರರಾಷ್ಟ್ರೀಯ ಪಟ್ಟಿಗಳು ಬ್ರೆಡ್ಡು, ಪಾಸ್ತಾಗಳಿಂದ ತುಂಬಿದ್ದ ಹೊತ್ತಿನಲ್ಲಿ ನಮ್ಮ ತಟ್ಟೆಯ ತಿಂಡಿಗೆ ಅಂಕಿ ಒದಗಿಸಿದ ಕೆಲಸ ಅದು.

ಆಸ್ಪತ್ರೆಯ ದಾಖಲೆಗಳು

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಕೆರೊಲಿನ್ ಫಾಲ್ ಮತ್ತು ಸಂಗಡಿಗರು ಆ ಮಕ್ಕಳಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ ಶೇ. 15ರಷ್ಟು ಜನರಲ್ಲಿ ಸಕ್ಕರೆ ಕಾಯಿಲೆ ಕಂಡಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ 830 ಗರ್ಭಿಣಿಯರನ್ನು ಸೇರಿಸಿಕೊಂಡಿತು. ಅವರಲ್ಲಿ ಶೇ. 6.2ರಷ್ಟು ಮಂದಿಗೆ ಗರ್ಭಿಣಿ ಕಾಲದ ಸಕ್ಕರೆ ಕಾಯಿಲೆಯಿತ್ತು. ಜಿ.ವಿ. ಕೃಷ್ಣವೇಣಿ ಮತ್ತಿತರರು ಅವರ ಮಕ್ಕಳನ್ನು ಬೆಳೆಯುವವರೆಗೂ ಗಮನಿಸುತ್ತ ಬಂದರು. ಈ ಅಧ್ಯಯನಗಳು ಊಟದ ಪಿಷ್ಟವನ್ನು ಅಳೆದವಲ್ಲ. ಮೈಸೂರಿನವರ ಮೈ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ತಾಯಿಯ ಗರ್ಭದಿಂದಲೇ ಹೇಗೆ ರೂಪುಗೊಳ್ಳುತ್ತದೆ ಎಂದು ತೋರಿಸಿದವು.

ಸಿರಿಧಾನ್ಯದ ಕಾಲ

2010ರ ನಂತರ ನವಣೆ, ಸಾಮೆ, ಆರಕ, ಊದಲು, ಕೊರಲೆಗಳು ಸಿರಿಧಾನ್ಯವೆಂಬ ಹೆಸರಿನಲ್ಲಿ ನಗರದ ಅಂಗಡಿಗಳಿಗೆ ಮರಳಿದವು. ಇವುಗಳ ಪ್ರಚಾರಕ, ಮೈಸೂರಿನ ಖಾದರ್ ವಲಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. 65 ಅಧ್ಯಯನಗಳನ್ನು ಒಟ್ಟುಗೂಡಿಸಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ನೇತೃತ್ವದ ತಂಡ 2021ರಲ್ಲಿ ಹೇಳಿದಂತೆ ಸಿರಿಧಾನ್ಯಗಳ ಸರಾಸರಿ ಸೂಚ್ಯಂಕ 52.7, ಪಾಲಿಶ್ ಅಕ್ಕಿಯದು 71.7. ಸರಾಸರಿ ಎಂಬುದನ್ನು ಇಲ್ಲಿ ಮರೆಯಬಾರದು. ನಯವಾಗಿ ಬೀಸಿದ ಹಿಟ್ಟಿನ ಬಿಸ್ಕತ್ತಿಗೂ ಇಡೀ ಕಾಳಿನ ಅನ್ನಕ್ಕೂ ಅದೇ ಅಂಕಿ ಹಚ್ಚಿದರೆ ಮೈಸೂರಿನ 2007ರ ಅಧ್ಯಯನವನ್ನು ಕಡೆಗಣಿಸಿದಂತೆ.

2023ರಲ್ಲಿ ಪ್ರಕಟವಾದ ಇಂಡಿಯಾಬ್ ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅದೇ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62 ಶರ್ಕರಪಿಷ್ಟದಿಂದಲೇ ಬರುತ್ತದೆ, ಅದರ ಹೆಚ್ಚಿನ ಪಾಲು ಬಿಳಿ ಅಕ್ಕಿ, ಗೋಧಿ ಹಿಟ್ಟು ಮತ್ತು ಸಕ್ಕರೆಯದು. ಧಾನ್ಯದ ಪಾಲು ಶೇ. 45ಕ್ಕೆ ಇಳಿಯಲಿ ಎಂಬುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೂ, ಅಲ್ಲಿನ ಸಾಫ್ಟ್‌ವೇರ್ ಕ್ಯಾಂಪಸ್‌ನಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವವರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಸಾರಿನಲ್ಲಿ ಬೇಳೆ ಹೆಚ್ಚಲಿ, ಪಲ್ಯ ಹೆಚ್ಚಲಿ, ಅನ್ನ ತುಸು ಕಡಿಮೆಯಾಗಲಿ.

ಭಾರತದಲ್ಲಿ ಆಹಾರದ ಪೊಟ್ಟಣದ ಮೇಲೆ ಶರ್ಕರಪಿಷ್ಟ ಮತ್ತು ಸಕ್ಕರೆಯ ಪ್ರಮಾಣ ಮುದ್ರಿಸುವುದು ಕಡ್ಡಾಯ, ಗ್ಲೈಸಿಮಿಕ್ ಸೂಚ್ಯಂಕ ಮುದ್ರಿಸುವುದು ಕಡ್ಡಾಯವಲ್ಲ. ಮಧುಮೇಹಿಗಳಿಗೆ ಒಳ್ಳೆಯದೆಂದು ಬರೆದುಕೊಂಡ ರಾಗಿ ಮಾಲ್ಟ್ ಅಥವಾ ಸಿರಿಧಾನ್ಯದ ಪೊಟ್ಟಣ ಕೊಳ್ಳುವವರು, ಆ ತಿನಿಸನ್ನು ಮನುಷ್ಯರ ಮೇಲೆ ಪರೀಕ್ಷಿಸಿ ಪಡೆದ ಅಂಕಿ ಎಷ್ಟು ಎಂದು ತಯಾರಕರನ್ನು ಕೇಳಬೇಕು.