ರಾಯಚೂರು ಸೀಮೆಯ ಗಡಿಲೆಕ್ಕ

ರಾಯಚೂರು ಜಿಲ್ಲೆಯಲ್ಲಿ ತಾಲ್ಲೂಕುಗಳೆಷ್ಟು ಎಂಬ ಪ್ರಶ್ನೆಗೆ 2011ರ ಜನಗಣತಿ ಕೊಡುವ ಐದು ಎಂಬ ಉತ್ತರವು ತಪ್ಪೆನ್ನಲಾಗದಿದ್ದರೂ, ಮಸ್ಕಿ, ಸಿರವಾರಗಳು ಹೊಸ ತಾಲ್ಲೂಕುಗಳಾದ ಮೇಲೆ ಹಳತಾಯಿತು. ನಿಜಾಮರ ಆಳ್ವಿಕೆಯಲ್ಲಿ ತಾನೇ ಜಿಲ್ಲೆಯಾಗಿದ್ದು 1905ರಲ್ಲಿ ಆ ಸ್ಥಾನ ಕಳೆದುಕೊಂಡ ಲಿಂಗಸುಗೂರು ಇಂದು ತಾಲ್ಲೂಕು ಕೇಂದ್ರವೂ ಹೌದು, ಹಲವು ತಾಲ್ಲೂಕುಗಳ ಕಂದಾಯ ಆಡಳಿತ ನೋಡಿಕೊಳ್ಳುವ ಉಪವಿಭಾಗದ ಕೇಂದ್ರವೂ ಹೌದು. ಮಸ್ಕಿಯದು ಏರುವ ದಾರಿ: 1915ರಲ್ಲಿ ಬೆಳಕಿಗೆ ಬಂದ, ಅಶೋಕನನ್ನು ಹೆಸರಿಸಿಯೇ ಹೇಳುವ ಶಾಸನದಿಂದ ವಿದ್ವಾಂಸರಿಗೆ ಪರಿಚಿತವಾಗಿದ್ದ ಈ ಊರು, ಜನಸಂಖ್ಯೆಗೆ ತಕ್ಕಂತೆ ಮತಕ್ಷೇತ್ರಗಳ ಗಡಿ ಬದಲಿಸುವ ಪುನರ್ವಿಂಗಡಣೆಯಿಂದ 2008ರಲ್ಲಿ ವಿಧಾನಸಭಾ ಕ್ಷೇತ್ರವಾಯಿತು, ವಿಚಿತ್ರವೆಂದರೆ, ತಾಲ್ಲೂಕಿನ ಪಟ್ಟ ದೊರೆತದ್ದು ಆಮೇಲೆ. ಕಂದಾಯದ ಲೆಕ್ಕದಲ್ಲಿ ರಾಯಚೂರಿನವಾದ ಸಿಂಧನೂರು, ಮಸ್ಕಿಗಳು ಲೋಕಸಭೆಯ ಲೆಕ್ಕದಲ್ಲಿ ಕೊಪ್ಪಳಕ್ಕೆ ಸೇರಿದರೆ, ನೆರೆಯ ಲಿಂಗಸುಗೂರು ಎರಡರಲ್ಲೂ ರಾಯಚೂರಿನಲ್ಲೇ ಉಳಿದಿದೆ.