ಭಾರತದ ಸಂವಿಧಾನ: ಅಧಿಕಾರಕ್ಕೊಂದು ಚೌಕಟ್ಟು

1949ರ ನವೆಂಬರ್ 26ರಂದು ಸಂವಿಧಾನ ಸಭೆ ಅಂಗೀಕರಿಸಿದ ಈ ಶಾಸನ, 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂತು. ಆಗ ಅದರಲ್ಲಿ 22 ಭಾಗ, 395 ವಿಧಿ, 8 ಅನುಸೂಚಿಗಳಿದ್ದವು. ಮೊದಲ ಕರಡು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಅವರದು. ಅದನ್ನು ಪರಿಶೀಲಿಸಿ ಹೊಸ ರೂಪ ಕೊಟ್ಟದ್ದು ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ.

ರಚನೆ
ಭಾಗ 3: ಮೂಲಭೂತ ಹಕ್ಕುಗಳು
ಭಾಗ 4: ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು
7ನೇ ಅನುಸೂಚಿ: ಕೇಂದ್ರ–ರಾಜ್ಯಗಳ ಶಾಸನಾಧಿಕಾರದ ಹಂಚಿಕೆ

ತಿದ್ದುಪಡಿಗೂ ಮಿತಿ
368ನೇ ವಿಧಿಯಡಿ ಸಂಸತ್ತು ಸಂವಿಧಾನವನ್ನು ತಿದ್ದಬಹುದು. ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟ್‌ನ 13 ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕಾಸರಗೋಡು ಸಮೀಪದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ.