ಆಯಿಲಿನ ದರ್ಜೆಯೋ, ಆಯಿಲಿನ ಮಟ್ಟವೋ? ಬೆಂಗಳೂರಿನ ಹೊರವಲಯದ ಬೈಕುಗಳ ಫೋರ್ಕ್ ಕುರಿತು

ವಾರವಿಡೀ ವೈಟ್‌ಫೀಲ್ಡ್‌ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಓಡಾಡಿ, ಭಾನುವಾರ ಕೋಲಾರ, ಮಾಲೂರಿನ ಕಡೆಯ ಕೆಮ್ಮಣ್ಣಿನ ದಾರಿಗಿಳಿಯುವ ಬೈಕಿನ ಫೋರ್ಕನ್ನು ಹದಗೊಳಿಸುವುದು ರ‍್ಯಾಲಿ ಬೈಕಿನದಕ್ಕಿಂತ ತೊಡಕಿನ ಕೆಲಸ. ರ‍್ಯಾಲಿ ಬೈಕಿಗೆ ಇರುವುದು ಒಂದೇ ಕೆಲಸ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಅದನ್ನು ಪೂರೈಸಿದ ಮೊದಲ ಭಾರತೀಯ ಅವರು. ಆ ಮಟ್ಟದ ಬೈಕುಗಳ ಫೋರ್ಕ್ ಸುಮಾರು 300 ಮಿ.ಮೀ. ಕುಗ್ಗುತ್ತದೆ, ಕುಗ್ಗುವಾಗಿನ ತಡೆಗೊಂದು, ಮರಳುವಾಗಿನ ತಡೆಗೊಂದು ತಿರುಪು ಇರುತ್ತದೆ. 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200ರಲ್ಲಿ 37 ಮಿ.ಮೀ. ಕೊಳವೆ, 190 ಮಿ.ಮೀ. ಚಲನೆ ಇದ್ದವು, ತಿರುಪು ಇರಲಿಲ್ಲ. ಇಂಥ ಫೋರ್ಕಿನಲ್ಲಿ ಬದಲಿಸಬಹುದಾದದ್ದು ಸ್ಪ್ರಿಂಗ್, ಆಯಿಲಿನ ದರ್ಜೆ, ಆಯಿಲಿನ ಮಟ್ಟ, ಇಷ್ಟೆ. ಫೋರ್ಕ್ ತಳಕ್ಕೆ ಬಡಿಯುತ್ತಿದೆ ಎಂದರೆ ಗ್ಯಾರೇಜಿನಲ್ಲಿ ಬರುವ ಮೊದಲ ಉತ್ತರ, ಗಟ್ಟಿ ಆಯಿಲ್ ಹಾಕೋಣ ಎಂಬುದು. ಮೊದಲು ಮುಟ್ಟಬೇಕಾದದ್ದು ದರ್ಜೆಯನ್ನಲ್ಲ, ಮಟ್ಟವನ್ನು ಎಂಬುದು ನನ್ನ ವಾದ.

ರಸ್ತೆಯ ಹಂಪನ್ನೇ ತೆಗೆದುಕೊಳ್ಳೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಪ್ರಕಾರ ಅದು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ದಾಟುವ ವೇಗ ಗಂಟೆಗೆ 25 ಕಿ.ಮೀ. ಆ ವೇಗದಲ್ಲಿ ಚಕ್ರ ಮೇಲೇಳುವುದು ಸೆಕೆಂಡಿಗೆ ಸರಾಸರಿ 0.37 ಮೀಟರ್. ಬಡಾವಣೆಯವರು ರಾತ್ರೋರಾತ್ರಿ ಕಟ್ಟಿದ 60 ಸೆಂ.ಮೀ. ಅಗಲದ, ಅದೇ 10 ಸೆಂ.ಮೀ. ಎತ್ತರದ ದಿಬ್ಬವಾದರೆ 2.3 ಮೀಟರ್, ಅಂದರೆ ಆರು ಪಟ್ಟು. ಇಂಥ ಡ್ಯಾಂಪರ್ ರಾಡ್ ಫೋರ್ಕಿನಲ್ಲಿ ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗಬೇಕು, ತಡೆ ವೇಗದ ವರ್ಗದಂತೆ ಏರುತ್ತದೆ. ಲೆಕ್ಕದಲ್ಲಿ ಅದು 36 ಪಟ್ಟನ್ನೂ ದಾಟುತ್ತದೆ (ಟೈರ್ ಸ್ವಲ್ಪ ನುಂಗಿಕೊಳ್ಳುತ್ತದೆ, ಪುಣ್ಯ). ಕಲ್ಲಿನ ಚೂಪಾದ ಅಂಚಿಗೂ ಇದೇ ಗತಿ. ಮೊದಲೇ ಬಿಗಿಯುವ ಜಾಗದಲ್ಲಿ ಗಟ್ಟಿ ಆಯಿಲ್ ಸುರಿದರೆ ಪೆಟ್ಟು ನೇರ ಮಣಿಕಟ್ಟಿಗೆ ಬರುತ್ತದೆ.

ಸಮಸ್ಯೆ ಅಲ್ಲಿಗೇ ಮುಗಿಯುವುದಿಲ್ಲ. ಕುಗ್ಗುವಾಗಲೂ ಮರಳುವಾಗಲೂ ಓಡುವುದು ಅದೇ ಆಯಿಲ್. ಒಂದನ್ನು ಬಿಗಿ ಮಾಡಿದರೆ ಇನ್ನೊಂದೂ ಬಿಗಿಯಾಗುತ್ತದೆ. ಸಾಲುಗಲ್ಲುಗಳ ಮೇಲೆ ಫೋರ್ಕ್ ಪೂರ್ತಿ ಮರಳುವ ಮೊದಲೇ ಮುಂದಿನ ಕಲ್ಲು ಬರುತ್ತದೆ. ನಾಲ್ಕೈದು ಕಲ್ಲು ಕಳೆಯುವಷ್ಟರಲ್ಲಿ ಅದು ಕೆಳಗೇ ಕೂತುಬಿಡುತ್ತದೆ. ಡಬ್ಬಿಯ ಮೇಲಿನ 10, 15 ಎಂಬ ಸಂಖ್ಯೆಗಳನ್ನೂ ನೆಚ್ಚಿಕೊಳ್ಳುವಂತಿಲ್ಲ: ಒಂದು ಕಂಪನಿಯ 10 ಇನ್ನೊಂದರ 10ರಷ್ಟೇ ಮಂದವಾಗಿರಬೇಕಿಲ್ಲ. ಹೋಲಿಸಬೇಕಾದದ್ದು 40 ಡಿಗ್ರಿಯಲ್ಲಿನ ಸೆಂಟಿಸ್ಟೋಕ್ಸ್ ಅಂಕಿಯನ್ನು.

ಇನ್ನು ಮಟ್ಟ. ಆಯಿಲಿನ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ. 37 ಮಿ.ಮೀ. ಕೊಳವೆ 190 ಮಿ.ಮೀ. ಒಳಸರಿದರೆ ಸುಮಾರು 204 ಮಿ.ಲೀ. ಜಾಗ ಕಡಿಮೆಯಾಗುತ್ತದೆ. ಪೂರ್ತಿ ಕುಗ್ಗಿದಾಗ 110 ಮಿ.ಲೀ. ಗಾಳಿ ಉಳಿಯುತ್ತದೆ ಎಂದಿಟ್ಟುಕೊಂಡು ಬಾಯ್ಲ್ ನಿಯಮ ಹಚ್ಚಿದರೆ, ತಳದಲ್ಲಿ ಫೋರ್ಕಿನ ಒಂದೊಂದು ಕಾಲಿನ ಗಾಳಿಯೂ ಸುಮಾರು 20 ಕೆ.ಜಿ. ತೂಕದಷ್ಟು ಒತ್ತುತ್ತದೆ. 20 ಮಿ.ಲೀ. ಆಯಿಲ್ ಹೆಚ್ಚು ಹಾಕಿದರೆ ಅದು 25ರ ಹತ್ತಿರ ಬರುತ್ತದೆ. ಆದರೆ 60 ಮಿ.ಮೀ. ಕುಗ್ಗಿದಲ್ಲಿ ವ್ಯತ್ಯಾಸ ಕಾಲು ಕೆ.ಜಿ.ಯಷ್ಟೂ ಹೆಚ್ಚಿಲ್ಲ. ಸವಾರ ಕೂತಾಗ ಚಲನೆಯ ಮೂರನೇ ಒಂದು ಪಾಲಿನಷ್ಟು ತಗ್ಗಿರಬೇಕು ಎಂಬ ರೂಢಿಯ ಅಳತೆಯಂತೆ ಫೋರ್ಕ್ ದಿನನಿತ್ಯ ಕೆಲಸ ಮಾಡುವುದು ಆ 60 ಮಿ.ಮೀ. ಆಸುಪಾಸಿನಲ್ಲೇ. ಹೀಗಾಗಿ ಕಚೇರಿಯ ದಾರಿಯ ಮೆತ್ತನೆ ಹಾಗೇ ಉಳಿಯುತ್ತದೆ, ಕಲ್ಲುದಾರಿಯ ತಳಬಡಿತ ಮಾತ್ರ ತಗ್ಗುತ್ತದೆ.

ಸವಾರನ ತೂಕಕ್ಕೆ ತಗ್ಗು ಮೂರನೇ ಒಂದು ಪಾಲನ್ನು ಮೀರಿದರೆ ಮೊದಲು ಸ್ಪ್ರಿಂಗಿನತ್ತ ನೋಡಬೇಕು. ಪೀಣ್ಯ ಕೈಗಾರಿಕಾ ಪ್ರದೇಶದ ಲೇತಿನಲ್ಲಿ ಪೈಪ್ ತುಂಡು ಕತ್ತರಿಸಿ ಸ್ಪೇಸರ್ ಮಾಡಿಸಿದರೆ ಬೈಕು ಎತ್ತರಕ್ಕೆ ಬರುತ್ತದೆ, ಆದರೆ ಸ್ಪ್ರಿಂಗಿನ ಬಿಗುಪು ಇದ್ದಷ್ಟೇ ಇರುತ್ತದೆ.

ಗಾಳಿಯ ಉಪಾಯಕ್ಕೂ ಬೆಲೆಯಿದೆ: ಒತ್ತಡ ಏರಿದಂತೆ ಹೊರೆ ಬೀಳುವುದು ಆಯಿಲ್ ಸೀಲಿನ ಮೇಲೆ. ಕಲ್ಲು ಸಿಡಿದು ಕೊಳವೆಯ ಕ್ರೋಮಿನಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದರೂ ಹೊಸ ಸೀಲ್ ಬೇಗ ಸೋರುತ್ತದೆ. ಮತ್ತೆ ಹಾರ್ಡ್ ಕ್ರೋಮ್ ಹಚ್ಚಿಸಿ ಗ್ರೈಂಡ್ ಮಾಡಿಸುವ ದಾರಿ ಪೀಣ್ಯದಲ್ಲಿದೆ.  ಅದಕ್ಕಿಂತ ಮೊದಲೇ ಕೊಳವೆಗೆ ರಬ್ಬರ್ ಬೂಟು ತೊಡಿಸುವುದು ಅಗ್ಗ. ಮಣ್ಣಿನ ದಾರಿಯಿಂದ ಬಂದಾಗಲೆಲ್ಲ ಅದನ್ನು ಮೇಲೆತ್ತಿ ಒರೆಸಬೇಕು. ಇಲ್ಲದಿದ್ದರೆ ಒಳಗೆ ಸೇರಿದ ಧೂಳೇ ಸೀಲನ್ನು ಉಜ್ಜುತ್ತದೆ.